ಕಡಲಾಳದಿಂದೆದ್ದ ಶೋಕ: ‘ಗೊಡ್ಜಿಲ್ಲಾ’

ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯವೂ, ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ ಮೂಡಿ 1923ರಲ್ಲಿ ಉತ್ಪಾದನೆಗೆ ತೊಡಗಿದ ಕಬ್ಬಿಣದ ಕಾರ್ಖಾನೆಯೂ ಒಂದೇ ಊರಿನಲ್ಲಿ ನೆಲೆಗೊಂಡಿರುವ ಭದ್ರಾವತಿಯವರಿಗೆ, ಅಂತೆಯೇ ನೆರೆಯ ಶಿವಮೊಗ್ಗದವರಿಗೆ, ಪುರಾಣಕಲ್ಪನೆಯೂ ಯಂತ್ರಯುಗವೂ ಅಕ್ಕಪಕ್ಕದಲ್ಲಿ ಬಾಳುವುದು ಹೊಸತಲ್ಲ. ಅವೆರಡನ್ನೂ ಒಂದೇ ದೇಹದಲ್ಲಿ ಬೆಸೆದು, ಆ ದೇಹಕ್ಕೆ ಕಡಲನ್ನೇ ತವರಾಗಿತ್ತ ಚಲಚ್ಚಿತ್ರವೊಂದುಂಟು: ಇಶಿರೋ ಹೊಂಡಾ ನಿರ್ದೇಶಿಸಿ, 1954ರ ನವೆಂಬರ್ 3ರಂದು ಜಪಾನಿನಾದ್ಯಂತ ತೆರೆಕಂಡ ‘ಗೊಡ್ಜಿಲ್ಲಾ’.

ಅದೇ ವರ್ಷದ ಮಾರ್ಚ್ 1ರಂದು ಬಿಕಿನಿ ದ್ವೀಪವಲಯದಲ್ಲಿ ಅಮೆರಿಕವು ಸಿಡಿಸಿದ ಜಲಜನಕ ಬಾಂಬಿನ ಭಸ್ಮವು, ಅಪಾಯದ ಸೀಮೆಯೆಂದು ಸಾರಿದ್ದ ಪ್ರದೇಶದ ಹೊರಗೆ ಮೀನು ಹಿಡಿಯುತ್ತಿದ್ದ ಜಪಾನಿನ ‘ಫುಕುರ್ಯೂ ಮಾರು’ ದೋಣಿಯ 23 ಮಂದಿಯ ಮೇಲೆ ಸುರಿದಿತ್ತು. ಸೆಪ್ಟೆಂಬರಿನಲ್ಲಿ ಆ ದೋಣಿಯ ರೇಡಿಯೋ ನಿರ್ವಾಹಕರು ತೀರಿಕೊಂಡರು. ಚಿತ್ರದ ಮೊದಲಲ್ಲೇ ಕಡಲು ಉರಿದು ಹಡಗು ಮುಳುಗುವುದನ್ನು ಕಂಡ ಅಂದಿನ ಪ್ರೇಕ್ಷಕರಿಗೆ ಅದು ಬರಿಯ ಕಟ್ಟುಕತೆಯಾಗಿ ತೋರಿರಲಾರದು.

ಮೀನು ದೊರೆಯದ ವರ್ಷಗಳಲ್ಲಿ ಹಿಂದೆ ಗೊಡ್ಜಿಲ್ಲಾ ಎಂಬ ಕಡಲಜಂತುವಿಗೆ ಕನ್ಯೆಯರನ್ನು ಬಲಿಗೊಡುತ್ತಿದ್ದರೆಂದು ಚಿತ್ರದಲ್ಲಿ ಓಡೋ ದ್ವೀಪದ ವೃದ್ಧನು ಹೇಳುತ್ತಾನೆ. ಅದರ ನಿದ್ದೆ ಕೆಡಿಸಿದ್ದು ಅಣುಪರೀಕ್ಷೆಯೆಂದು ಶಾಸ್ತ್ರಜ್ಞನಾದ ಯಮಾನೆ ಹೇಳುತ್ತಾನೆ. ಇಬ್ಬರ ಮಾತೂ ನಿಜ. ಸುಮಾರು ನೂರು ಕಿಲೋ ತೂಗುತ್ತಿದ್ದ ರಬ್ಬರಿನ ಕವಚದೊಳಗೆ ನಟ ಹರುವೋ ನಕಾಜಿಮಾ ಬೆವರಿಳಿಸುತ್ತ ನಡೆದದ್ದನ್ನು ಕ್ಯಾಮರಾ ವೇಗವಾಗಿ ಸೆರೆಹಿಡಿದು, ತೆರೆಯ ಮೇಲೆ ಆ ನಡೆ ಮಂದಗೊಂಡು ಪರ್ವತದ ಗುರುತ್ವವನ್ನು ಪಡೆಯುವಂತೆ ವಿಶೇಷ ಪರಿಣಾಮಗಳ ನಿರ್ದೇಶಕ ಎಯ್ಜಿ ತ್ಸುಬುರಾಯಾ ಮಾಡಿದರು. ಸಂಗೀತಗಾರ ಇಫುಕುಬೆ ಡಬಲ್ ಬೇಸ್ ವಾದ್ಯದ ತಂತಿಗಳನ್ನು ಸಡಿಲಿಸಿ, ರಾಳ ಸವರಿದ ಚರ್ಮದ ಕೈಗವಸಿನಿಂದ ಉಜ್ಜಿ ಹೊರಡಿಸಿದ ನಾದವೇ ಅದರ ಗರ್ಜನೆಯಾಯಿತು. ಅದರಲ್ಲಿ ನನಗೆ ಕೇಳಿಸುವುದು ಕ್ರೋಧಕ್ಕಿಂತ ಮಿಗಿಲಾಗಿ ವೇದನೆ.

ಜಂತುವಿನ ದಾಳಿಗೆ ಟೋಕಿಯೋ ಉರಿಯುತ್ತಿರುವಾಗ ಬೀದಿಯ ಬದಿಯಲ್ಲಿ ಕುಸಿದು ಕುಳಿತ ತಾಯಿಯೊಬ್ಬಳು, ಇನ್ನೇನು ತಂದೆಯ ಬಳಿಗೇ ಹೋಗಿಬಿಡುತ್ತೇವೆಂದು ಮಕ್ಕಳನ್ನು ತಬ್ಬಿಕೊಂಡು ಸಂತೈಸುತ್ತಾಳೆ. ಯುದ್ಧ ಮುಗಿದು ಆಗ ಒಂಬತ್ತೇ ವರ್ಷ. ಇಂಥ ಎದೆ ಹಿಂಡುವ ಕ್ಷಣ ಭೀಕರಜಂತುಗಳ ಕಥೆಗಳಲ್ಲಿ ವಿರಳ.

ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿ ಬದುಕು ಕಟ್ಟಿಕೊಂಡ ಊರಿಗೆ ವಿಜ್ಞಾನವೆಂದರೆ ಅನ್ನ. ಚಿತ್ರದ ವಿಜ್ಞಾನಿ ಸೆರಿಜಾವಾನಿಗಾದರೋ ಅದು ಧರ್ಮಸಂಕಟ. ನೀರಿನೊಳಗಣ ಆಮ್ಲಜನಕವನ್ನು ನಾಶಗೊಳಿಸಿ ಜೀವರಾಶಿಯನ್ನೇ ಅಳಿಸಬಲ್ಲ ಸಾಧನವನ್ನು ಕಂಡುಹಿಡಿದ ಆತ, ಅದು ಮತ್ತೊಂದು ಅಸ್ತ್ರವಾದೀತೆಂದು ಅಂಜಿ, ತನ್ನ ಬರಹಗಳನ್ನೆಲ್ಲ ಸುಟ್ಟು, ಕಡಲ ತಳಕ್ಕಿಳಿದು ಜಂತುವಿನೊಡನೆ ತಾನೂ ಅಳಿಯುತ್ತಾನೆ. ಅಣುಪರೀಕ್ಷೆಗಳು ನಿಲ್ಲದಿದ್ದರೆ ಇನ್ನೊಂದು ಇಂಥದೇ ಎದ್ದು ಬಂದೀತೆಂಬ ಯಮಾನೆಯ ಎಚ್ಚರಿಕೆಯೊಡನೆ ಚಿತ್ರ ಮುಗಿಯುತ್ತದೆ.

1956ರಲ್ಲಿ ರೇಮಂಡ್ ಬರ್ ಎಂಬ ನಟನನ್ನು ಸೇರಿಸಿ ಹೊರತಂದ ಅಮೆರಿಕದ ಪ್ರತಿಯಲ್ಲಿ ಈ ಎಚ್ಚರಿಕೆಯೇ ಇಲ್ಲ. ಆದಕಾರಣ ನೋಡಬಯಸುವವರು ಜಪಾನೀ ಮೂಲವನ್ನೇ ಅರಸಿ ನೋಡತಕ್ಕದ್ದು.