ಹಾಲಿನ ಗುಣಮಟ್ಟ: ಗೋದಾಮಿನಿಂದ ಗೋದಲಿಯವರೆಗೆ

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಆರ್ಥಿಕ ಜೀವನದಲ್ಲಿ ಕಬ್ಬು, ಭತ್ತ, ರೇಷ್ಮೆಗಳ ಜೊತೆಗೆ ಹೈನುಗಾರಿಕೆಯೂ ಮಹತ್ವದ ಸ್ಥಾನ ಪಡೆದಿದೆ. ಕಬ್ಬಿನ ಹಣ ಕಟಾವಿನ ನಂತರವಷ್ಟೇ ರೈತನ ಕೈಸೇರಿದರೆ, ಹಾಲಿನ ಬಟವಾಡೆ ವರ್ಷವಿಡೀ ನಡೆಯುತ್ತದೆ. ಪೇಟೆಯ ದಿನನಿತ್ಯದ ವ್ಯಾಪಾರಕ್ಕೂ ಈ ಹಣ ಆಧಾರವಾಗಿದೆ. ಹಳ್ಳಿಗಳ ಸಹಕಾರ ಸಂಘಗಳಲ್ಲಿ ಸಂಗ್ರಹವಾಗುವ ಹಾಲು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿರುವ ಜಿಲ್ಲಾ ಹಾಲು ಒಕ್ಕೂಟದ ಡೇರಿಯನ್ನು ಸೇರುತ್ತದೆ. ಆದರೆ ಆ ಹಾಲಿನ ಗುಣಮಟ್ಟದ ಬಹುಭಾಗ ನಿರ್ಧಾರವಾಗುವುದು ಹಸುವಿನ ಗೋದಲಿಯಲ್ಲಿ. ಅದಕ್ಕೂ ಮೊದಲು, ಹಿಂಡಿ ಮತ್ತು ಬೂಸಾ ದಾಸ್ತಾನಿರುವ ವರ್ತಕರ ಗೋದಾಮಿನಲ್ಲಿ.

ನಾಲಾ ಬಯಲಿನ ಮೇವು

ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಸುಲಭವಾಗಿ ದೊರೆಯುವ ಮೇವೆಂದರೆ ಭತ್ತದ ಹುಲ್ಲು ಮತ್ತು ಕಬ್ಬಿನ ಸೋಗೆ. ಭತ್ತದ ಹುಲ್ಲಿನಲ್ಲಿ ಸಸಾರಜನಕದ ಅಂಶ ಶೇ. 3ರಿಂದ 4ರಷ್ಟು ಮಾತ್ರ. ಸಿಲಿಕಾ ಹೆಚ್ಚಾಗಿರುವುದರಿಂದ ಅದು ಸರಿಯಾಗಿ ಜೀರ್ಣವಾಗದು. ಅದರಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಹಸುವಿಗೆ ದಕ್ಕದಂತೆ ಮಾಡುತ್ತದೆ. ಮಳವಳ್ಳಿಯ ಮಳೆಯಾಶ್ರಿತ ಭಾಗದ ರಾಗಿ ಹುಲ್ಲು ಇದಕ್ಕಿಂತ ಉತ್ತಮವಾದುದು. 100 ಕಿಲೋ ಭತ್ತದ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಸುಮಾರು ಮೂರು ವಾರ ಮುಚ್ಚಿಡುವ ಉಪಚಾರದಿಂದ ಅದರ ಪೌಷ್ಟಿಕತೆ ಹೆಚ್ಚುತ್ತದೆ.

ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯು ಆಯಾ ಪ್ರದೇಶದ ಮೇವಿನಲ್ಲಿ ಕೊರತೆಯಿರುವ ಖನಿಜಗಳನ್ನು ಗುರುತಿಸಿ, ಪ್ರದೇಶಾಧಾರಿತ ಖನಿಜ ಮಿಶ್ರಣಗಳನ್ನು ರೂಪಿಸಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಮೇವಿನ ಬೆಳೆಗಳ ಕುರಿತ ಸಂಶೋಧನೆ ನಡೆಯುತ್ತಿದೆ.

ಫ್ಯಾಟ್ ಮತ್ತು ಎಸ್‌ಎನ್‌ಎಫ್ ಲೆಕ್ಕ

ಸಂಘದಲ್ಲಿ ಹಾಲಿಗೆ ಬೆಲೆ ಕಟ್ಟುವಾಗ ಜಿಡ್ಡಿನಂಶವನ್ನೂ ಜಿಡ್ಡೇತರ ಘನಾಂಶವನ್ನೂ ಪರಿಗಣಿಸಲಾಗುತ್ತದೆ. ಹುಲ್ಲಿನ ನಾರು ಕಡಿಮೆಯಾಗಿ ಹಿಂಡಿ ಅತಿಯಾದರೆ ಜಿಡ್ಡು ಇಳಿಯುತ್ತದೆ. ಆಹಾರದಲ್ಲಿ ಶಕ್ತಿ ಮತ್ತು ಸಸಾರಜನಕ ಸಾಲದಾದರೆ ಘನಾಂಶ ಕುಗ್ಗುತ್ತದೆ. ಹೆಚ್ಚು ಹಿಂಡಿ ಹಾಕಿದರೆ ಹೆಚ್ಚು ಲಾಭವೆಂಬ ಎಣಿಕೆ ಆದ್ದರಿಂದ ಸರಿಯಲ್ಲ. 2012ರಲ್ಲಿ ಆರಂಭಗೊಂಡ ರಾಷ್ಟ್ರೀಯ ಡೇರಿ ಯೋಜನೆಯ ಮೊದಲ ಹಂತದಲ್ಲಿ, ಸ್ಥಳೀಯ ಮೇವನ್ನೇ ಲೆಕ್ಕಹಾಕಿ ಸಮತೋಲನ ಆಹಾರ ನೀಡುವ ಕಾರ್ಯಕ್ರಮವನ್ನು ಹಮ್ಮಿಕೊಂಡಿದ್ದುದು ಇದೇ ಕಾರಣದಿಂದ.

ಬೂಷ್ಟಿನ ವಿಷ

ವರ್ತಕರು ವಿಶೇಷವಾಗಿ ಗಮನಿಸಬೇಕಾದ ವಿಷಯ ಅಫ್ಲಾಟಾಕ್ಸಿನ್. ತೇವ ತಗುಲಿದ ಕಡಲೆಕಾಯಿ ಹಿಂಡಿ, ಹತ್ತಿಬೀಜದ ಹಿಂಡಿ ಮತ್ತು ಮೆಕ್ಕೆಜೋಳದ ಮೇಲೆ ಬೆಳೆಯುವ ಬೂಷ್ಟು ಈ ವಿಷವನ್ನು ಉತ್ಪಾದಿಸುತ್ತದೆ. ಹಸು ಅದನ್ನು ತಿಂದ ಒಂದು ದಿನದೊಳಗೇ ಅದರ ಒಂದು ರೂಪ ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಹಾಲನ್ನು ಕುದಿಸಿದರೂ, ಪಾಶ್ಚರೀಕರಿಸಿದರೂ ಅದು ನಾಶವಾಗದು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರಲ್ಲಿ ದೇಶಾದ್ಯಂತ ಸಂಗ್ರಹಿಸಿದ 6,432 ಹಾಲಿನ ಮಾದರಿಗಳ ಪೈಕಿ 368ರಲ್ಲಿ, ಅಂದರೆ ಶೇ. 5.7ರಲ್ಲಿ, ಇದು ಮಿತಿ ಮೀರಿತ್ತು. ಪಶು ಆಹಾರ ಮತ್ತು ಮೇವೇ ಇದರ ಮೂಲವೆಂದು ಪ್ರಾಧಿಕಾರ ತಿಳಿಸಿತು. ಹಾಲಿನಲ್ಲಿ ಇದರ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ.

ಬೂಷ್ಟು ಹಿಡಿದ ಹಿಂಡಿಯನ್ನು ಬಿಸಿಲಿಗೆ ಒಣಗಿಸಿ ಹೊಸ ಮಾಲಿನೊಂದಿಗೆ ಬೆರೆಸಿ ಮಾರಿದರೆ ನಷ್ಟ ತಪ್ಪಿತೆಂದು ಕಾಣಬಹುದು. ಆದರೆ ಒಣಗಿಸಿದಾಗ ಹೋಗುವುದು ತೇವ ಮಾತ್ರ, ವಿಷವಲ್ಲ. ಬೆರೆಸುವುದರಿಂದ ಒಂದು ಮೂಟೆಯ ದೋಷ ಹತ್ತು ಮೂಟೆಗೆ ಹರಡುತ್ತದೆ. ಅಂಥ ಹಾಲು ಸಂಘದ ಕ್ಯಾನಿನಿಂದ ಟ್ಯಾಂಕರಿಗೆ ಸೇರಿದ ಮೇಲೆ ಯಾವ ಮನೆಯ ಹಾಲೆಂದು ಬೇರ್ಪಡಿಸಲು ಸಾಧ್ಯವಿಲ್ಲ. ನಷ್ಟ ಎಲ್ಲ ಉತ್ಪಾದಕರಿಗೂ ಹಂಚಿಕೆಯಾಗುತ್ತದೆ.

ಹಸುವಿನ ನೆಮ್ಮದಿ

ಹಾಲಿನಲ್ಲಿ ಸುಮಾರು ಶೇ. 87ರಷ್ಟು ಭಾಗ ನೀರು. ದಿನಕ್ಕೆರಡು ಬಾರಿ ಮಾತ್ರ ನೀರು ಕಾಣುವ ಹಸು, ಎಷ್ಟೇ ಹಿಂಡಿ ತಿಂದರೂ ತನ್ನ ಶಕ್ತಿಗೆ ತಕ್ಕಷ್ಟು ಹಾಲು ಕೊಡಲಾರದು. ಮಿಶ್ರತಳಿಯ ಹಸುಗಳಿಗೆ ಬೇಸಿಗೆಯ ಸೆಕೆ ಸಹಿಸುವುದು ಕಷ್ಟ; ಬಿಸಿಲೇರಿದಂತೆ ಅವು ಮೇವು ಕಡಿಮೆ ಮಾಡುತ್ತವೆ. ಕೊಟ್ಟಿಗೆಯ ನೆಲ ತೇವವಾಗಿದ್ದರೆ ಕೆಚ್ಚಲು ಬಾವು ಬರುವ ಸಂಭವ ಹೆಚ್ಚು. ಹೊರಗೆ ಕಾಣಿಸದ ಬಾವಿನಿಂದಲೂ ಹಾಲಿನ ಪ್ರಮಾಣ ಮತ್ತು ಗುಣಮಟ್ಟ ಎರಡೂ ಕುಸಿಯುತ್ತವೆ. ನೆರಳು, ಸದಾ ಲಭ್ಯವಿರುವ ನೀರು, ಒಣ ನೆಲ ಇವು ಹೈನುಗಾರಿಕೆಯ ಬಂಡವಾಳವೇ ಹೌದು.

ಉದ್ಯಮಿಗಳ ಪಾತ್ರ

ಪಶು ಆಹಾರಕ್ಕೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 2052 ಮಾನದಂಡವಿದೆ. ಅದರ ಪ್ರಕಾರ ತೇವಾಂಶ ಶೇ. 11ನ್ನು ಮೀರಬಾರದು, ಅಫ್ಲಾಟಾಕ್ಸಿನ್ ಬಿ1 ಪ್ರಮಾಣ ಕಿಲೋಗೆ 20 ಮೈಕ್ರೋಗ್ರಾಂ ದಾಟಬಾರದು. ಮೂಟೆಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಮರದ ಹಲಗೆಗಳ ಮೇಲೆ ಜೋಡಿಸುವುದು, ಮೊದಲು ಬಂದ ಮಾಲನ್ನು ಮೊದಲು ಮಾರುವುದು, ತೇವಾಂಶ ಅಳೆದು ಖರೀದಿಸುವುದು ಸಣ್ಣ ವರ್ತಕರಿಗೂ ಸಾಧ್ಯವಾಗುವ ಕ್ರಮಗಳು. ಎಣ್ಣೆ ಗಾಣ ಮತ್ತು ಅಕ್ಕಿ ಗಿರಣಿಗಳ ಮಾಲೀಕರು ಹಿಂಡಿ, ತೌಡನ್ನು ಉಳಿಕೆ ವಸ್ತುವೆಂದು ಕಡೆಗಣಿಸದೆ, ಆಹಾರ ಪದಾರ್ಥದಂತೆಯೇ ಜೋಪಾನ ಮಾಡಬೇಕಾಗಿದೆ. ಪರೀಕ್ಷಿಸಿದ ಮಾಲಿಗೆ ಕಿಲೋಗೆ ಕೆಲವು ಪೈಸೆ ಹೆಚ್ಚು ತಗುಲಬಹುದು. ಆದರೆ ಹಾಲಿನ ಬಟವಾಡೆ ನಿಂತ ದಿನ ಪೇಟೆಯ ವ್ಯಾಪಾರವೂ ನಿಲ್ಲುತ್ತದೆ ಎಂಬುದನ್ನು ಮರೆಯುವಂತಿಲ್ಲ.