ಕತ್ತಲೆಯೊಳಗಣ ಒಂದೇ ಪಂಕ್ತಿ

ಚಲಚ್ಚಿತ್ರವು ಅಂಗೈಯ ಮೇಲೆ ಬಂದು ನಿಂತಿರುವ ಕಾಲವಿದು. ಅದನ್ನು ನೋಡಲು ಊರಿಗೆ ಊರೇ ಒಂದು ಸೂರಿನಡಿ ಸೇರುತ್ತಿದ್ದ ದಿನಗಳನ್ನು ಇಂದಿನ ಮಕ್ಕಳಿಗೆ ಹಿರಿಯರಾದವರು ಹೇಳಿ ತಿಳಿಸಬೇಕಾಗಿದೆ.

ನಾವು ಮೊದಲು ಸಿನಿಮಾ ಕಂಡದ್ದು ಖಾನಾಪುರದ ಕಡೆಯ ಜಾತ್ರೆಯೊಂದರಲ್ಲಿ, ಟೂರಿಂಗ್ ಟಾಕೀಸಿನ ಟೆಂಟಿನೊಳಗೆ. ಅಲ್ಲಿ ಇದ್ದುದು ಒಂದೇ ಯಂತ್ರ. ರೀಲು ಮುಗಿದೊಡನೆ ದೀಪ ಹತ್ತುತ್ತಿತ್ತು. ಮುಂದಿನ ರೀಲು ಏರಿಸುವವರೆಗೆ ಎಲ್ಲರೂ ಕಾಯಬೇಕು. ಆ ಬಿಡುವಿನಲ್ಲಿ ಕನ್ನಡ ತಿಳಿದ ತಾಯಂದಿರು ಮರಾಠಿ ಮನೆಮಾತಿನ ನೆರೆಯವರಿಗೆ ನಡೆದ ಕಥೆಯನ್ನು ವಿವರಿಸುತ್ತಿದ್ದರು. ಮರಾಠಿ ಚಿತ್ರ ಬಂದಾಗ ಈ ಋಣವು ತೀರುತ್ತಿತ್ತು.

ಮುಂದೆ ಓದಿಗಾಗಿ ಬೆಳಗಾವಿಯ ಪ್ರಸಾದನಿಲಯವನ್ನು ಸೇರಿದೆವು. ಗ್ಲೋಬ್, ಚಿತ್ರಾ, ಪ್ರಕಾಶ ಎಂಬ ಹೆಸರುಗಳು ಈ ನಗರದ ಹಿರಿಯರಿಗೆ ತಮ್ಮ ಓಣಿಯ ಹೆಸರಿನಷ್ಟೇ ಪರಿಚಿತ. ನಮಗೆ ಅನುಮತಿ ಸಿಗುತ್ತಿದ್ದುದು ಭಕ್ತಿಯ ಮತ್ತು ಇತಿಹಾಸದ ಚಿತ್ರಗಳಿಗೆ ಮಾತ್ರ. 'ಬೇಡರ ಕಣ್ಣಪ್ಪ' (1954), 'ಜಗಜ್ಯೋತಿ ಬಸವೇಶ್ವರ' (1959), 'ಕಿತ್ತೂರು ಚೆನ್ನಮ್ಮ' (1961) ಇವೆಲ್ಲ ನಮ್ಮ ಪಾಲಿಗೆ ಬಂದದ್ದು ಮರುಪ್ರದರ್ಶನದಲ್ಲಿ. ಸವೆದ ಪ್ರತಿಗಳಿಂದ ತೆರೆಯ ಮೇಲೆ ಸದಾ ಮಳೆ ಸುರಿದಂತೆ ಗೆರೆಗಳು. 1824ರಲ್ಲಿ ಕಾಳಗ ನಡೆದ ಕಿತ್ತೂರು, 1829ರಲ್ಲಿ ರಾಣಿಯು ಸೆರೆಯಲ್ಲಿಯೇ ಲಿಂಗೈಕ್ಯರಾದ ಬೈಲಹೊಂಗಲ, ಎರಡೂ ನಮ್ಮ ಜಿಲ್ಲೆಯವು. ತೆರೆಯ ಮೇಲೆ ಆಕೆಯನ್ನು ಕಂಡಾಗ ಶೇಂಗಾ ಸುಲಿಯುತ್ತಿದ್ದ ಕೈಗಳು ನಿಂತು ಹೋಗುತ್ತಿದ್ದವು.

ಅವು ಗಡಿಯ ಮಾತು ಕಾವೇರಿದ್ದ ದಿನಗಳು. 1966ರಲ್ಲಿ ಮಹಾಜನ ಆಯೋಗ ನೇಮಕವಾಗಿ, ಮರುವರ್ಷ ವರದಿ ಬಂದಿತ್ತು. ಬೀದಿಯಲ್ಲಿ ಮಾತಿಗೆ ಮಾತು ಬೆಳೆದರೂ ಚಿತ್ರಮಂದಿರದ ಕತ್ತಲೆಯಲ್ಲಿ ಪಕ್ಕದವರ ಮನೆಮಾತು ಯಾವುದೆಂದು ಯಾರೂ ಕೇಳಲಿಲ್ಲ. ಗಾಂಧಿ ಕ್ಲಾಸು, ಬಾಲ್ಕನಿ ಎಂಬ ಹಣದ ಭೇದವಿತ್ತು, ನಿಜ. ಕಣ್ಣೀರಿಗೆ ಆ ಭೇದವಿರಲಿಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' (1934) ಸಿದ್ಧವಾದದ್ದು ಕೊಲ್ಹಾಪುರದಲ್ಲಿ ಎಂಬುದನ್ನು ಎಷ್ಟು ಜನ ನೆನೆಯುತ್ತಾರೆ? ಮರಾಠಿಯ ನೆಲದ ಚಿತ್ರಶಾಲೆ ಕನ್ನಡದ ಈ ಕೂಸಿಗೆ ತೊಟ್ಟಿಲಾಯಿತು.

ಚಿತ್ರಕ್ಕೆ ಕಳುಹಿಸುವಾಗ ನಮ್ಮ ಗುರುಗಳು ಒಂದು ಕರಾರು ಹಾಕುತ್ತಿದ್ದರು. ಮರುದಿನ ಸಂಜೆ ಎಲ್ಲರೆದುರು ಕಥೆಯನ್ನು ಹೇಳಬೇಕು. ಹುಡುಗರು ಕತ್ತಿವರಸೆಯನ್ನೇ ವರ್ಣಿಸಿ ಕುಳಿತರೆ ಅವರು ಮೆಲ್ಲನೆ ಕೇಳುತ್ತಿದ್ದರು: "ಅದೆಲ್ಲ ಇರಲಪ್ಪಾ, ಕಥೆಯೊಳಗ ನೊಂದವರು ಯಾರು?" ಸಭೆಯಲ್ಲಿ ನಿಂತು ನಾಲ್ಕು ಮಾತನಾಡುವ ಧೈರ್ಯವೂ, ಪರರ ನೋವನ್ನು ಹುಡುಕುವ ಕಣ್ಣೂ ನಮಗೆ ಬಂದದ್ದು ಆ ಪ್ರಶ್ನೆಯಿಂದಲೇ.

ನಾಡಿನಾದ್ಯಂತ ಎಷ್ಟೋ ಹಳೆಯ ಚಿತ್ರಮಂದಿರಗಳು ಬಾಗಿಲು ಮುಚ್ಚಿವೆ. ಒಂದೇ ಮನೆಯ ನಾಲ್ವರು ನಾಲ್ಕು ಮೂಲೆಗಳಲ್ಲಿ ನಾಲ್ಕು ಚಿತ್ರ ನೋಡುತ್ತಾರೆ. ಇದನ್ನು ಹಳಿಯುವುದರಿಂದ ಫಲವಿಲ್ಲ. ವಾರಕ್ಕೊಂದು ದಿನವಾದರೂ ಮನೆಮಂದಿಯೆಲ್ಲ ಕೂಡಿ ಒಂದು ಚಿತ್ರವನ್ನು ನೋಡಲಿ. ಸಾಧ್ಯವಾದರೆ ನೆರೆಮನೆಯವರನ್ನೂ ಕರೆಯಲಿ. ಮುಗಿದ ಮೇಲೆ ಮನೆಯ ಮಗುವೊಂದು ಆ ಕಥೆಯನ್ನು ಹೇಳಲಿ, ಹಿರಿಯರು ಅದರಲ್ಲಿ ನೊಂದವರು ಯಾರೆಂದು ಕೇಳಲಿ.