ಹಳೆಯ ಕಂಪ್ಯೂಟರಿಗೆ ಹೊಸ ಯಜಮಾನ

ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದ್ದರೆ, ಅದರ ಅವಧಿ ಮುಗಿಯಿತೆಂಬ ಸೂಚನೆ ಪರದೆಯ ಮೇಲೆ ಈಗಾಗಲೇ ಬಂದಿರಬಹುದು. 2015ರ ಜುಲೈ 29ರಂದು ಬಿಡುಗಡೆಯಾದ ಈ ಕಾರ್ಯಾಚರಣಾ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಕಂಪನಿಯು ತನ್ನ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ಕೊನೆಗೊಳಿಸಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಇನ್ನೊಂದು ವರ್ಷದ ಸಾವಕಾಶ ಕೊಟ್ಟಿತು, ಅಷ್ಟೆ. ವಿಂಡೋಸ್ 11 ಹಾಕಿಸೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಅಥವಾ ಅದಕ್ಕಿಂತ ಈಚಿನ ಪ್ರೊಸೆಸರನ್ನೂ ಕೇಳುತ್ತದೆ. ಕೊರೊನಾ ಕಾಲದಲ್ಲಿ, 2020-21ರಲ್ಲಿ, ಆನ್‌ಲೈನ್ ಪಾಠಕ್ಕೆಂದು ಸಾಲಸೋಲ ಮಾಡಿ ಕೊಂಡ ಎಷ್ಟೋ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳಲ್ಲಿ ಇವೆರಡೂ ಇಲ್ಲ. ಅಂಗಡಿಯವನ ಸಲಹೆ ಒಂದೇ: ಇದನ್ನು ಕೊಟ್ಟು ಹೊಸದು ಕೊಳ್ಳಿ.

ಯಂತ್ರವೇನೂ ಕೆಟ್ಟಿಲ್ಲ. ನಾಳೆಯೂ ಅದು ಎಂದಿನಂತೆ ನಡೆಯುತ್ತದೆ. ಬೀಗ ಮಾಡಿದವನು ರಿಪೇರಿ ನಿಲ್ಲಿಸಿದ್ದಾನೆ, ಕಳ್ಳರು ಮಾತ್ರ ಹೊಸ ಕೀಲಿಕೈ ಮಾಡುವುದನ್ನು ನಿಲ್ಲಿಸಿಲ್ಲ. ಇಂತಹ ಯಂತ್ರಕ್ಕೆ ಬೇರೆ ಬೀಗ ಹಾಕುವ ದಾರಿ ಇದೆ. ಅದೇ ಲಿನಕ್ಸ್.

ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಇದನ್ನು ಬರೆಯತೊಡಗಿದಾಗ ಅವನಿಗೆ 21 ವರ್ಷ. ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಉಬುಂಟು, ಲಿನಕ್ಸ್ ಮಿಂಟ್, ನಮ್ಮ ಸಿ-ಡಾಕ್ ಸಂಸ್ಥೆಯ ಬಾಸ್, ಎಲ್ಲವೂ ಇದರ ರೂಪಗಳೇ. ಲಿನಕ್ಸ್ ಎಂದರೆ ಹೆದರುವ ಪೋಷಕರು ತಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಳಗಿರುವ ತಿರುಳೂ ಲಿನಕ್ಸೇ ಎಂಬುದನ್ನು ಗಮನಿಸಬೇಕು.

ಮಕ್ಕಳು ಕೇಳುವ ಪ್ರಶ್ನೆಯೊಂದಿದೆ. ಯಂತ್ರ ಅದೇ, ಪ್ರೊಸೆಸರ್ ಅದೇ. ವಿಂಡೋಸ್‌ನ ತಂತ್ರಾಂಶ ಲಿನಕ್ಸ್‌ನಲ್ಲಿ ಏಕೆ ನಡೆಯುವುದಿಲ್ಲ? ಕಾರಣ ಇಷ್ಟು. ಕಡತ ತೆರೆಯುವುದಕ್ಕಾಗಲಿ ಪರದೆಯ ಮೇಲೆ ಚಿತ್ರ ಮೂಡಿಸುವುದಕ್ಕಾಗಲಿ ಯಾವ ತಂತ್ರಾಂಶವೂ ಯಂತ್ರಕ್ಕೆ ನೇರವಾಗಿ ಕೈಹಾಕುವಂತಿಲ್ಲ. ಕಾರ್ಯಾಚರಣಾ ವ್ಯವಸ್ಥೆಗೆ ಅರ್ಜಿ ಸಲ್ಲಿಸಬೇಕು. ಆ ಅರ್ಜಿಯ ನಮೂನೆ ಇಲ್ಲಿ ಒಂದು, ಅಲ್ಲಿ ಇನ್ನೊಂದು. ಒಂದು ಬ್ಯಾಂಕಿನ ಚಲನ್ ತುಂಬಿ ಎದುರಿನ ಬ್ಯಾಂಕಿಗೆ ಕೊಟ್ಟಂತೆ. ರೂಪಾಯಿ ಅದೇ ಆದರೂ ಗುಮಾಸ್ತ ಮುಟ್ಟುವುದಿಲ್ಲ. ಈ ಅರ್ಜಿಗಳನ್ನು ಬದಲಿಸಿಕೊಡುವ ‘ವೈನ್’ ಎಂಬ ತಂತ್ರಾಂಶವಿದೆ (ಹೆಸರು ನೋಡಿ ಗಾಬರಿಯಾಗಬೇಡಿ), ಆದರೆ ಎಲ್ಲವೂ ಅದರಲ್ಲಿ ನಡೆಯುತ್ತವೆಂಬ ಭರವಸೆಯಿಲ್ಲ.

ತಂತ್ರಾಂಶಕ್ಕಾದರೆ ಬದಲಿ ಸಿಗುತ್ತದೆ. ಬದಲಿ ಸಿಗದಿರುವುದು ನಾವೇ ಬರೆದಿಟ್ಟ ಕಡತಗಳಿಗೆ. ಫೋಟೋ, ಹಾಡು, ಪಿಡಿಎಫ್ ಹೊಸ ಮನೆಗೂ ಹಾಗೆಯೇ ಬರುತ್ತವೆ. ವರ್ಡ್ ಕಡತಗಳು ಲಿಬ್ರೆಆಫೀಸ್‌ನಲ್ಲಿ ತೆರೆದುಕೊಳ್ಳುತ್ತವೆ. ಕೋಷ್ಟಕ, ಅಂಚುಗಳು ಒಮ್ಮೊಮ್ಮೆ ಜರುಗಿರುತ್ತವೆ, ಸರಿಪಡಿಸಬಹುದು. ಕನ್ನಡಿಗರಿಗೆ ನಿಜವಾದ ತೊಡಕು ಕಾದಿರುವುದು ಕನ್ನಡದಲ್ಲೇ.

ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ, ಪ್ರಬಂಧ, ಲಗ್ನಪತ್ರಿಕೆಗಳು ನಮ್ಮಲ್ಲಿ ರಾಶಿ ರಾಶಿ ಇವೆ. ಕಂಪ್ಯೂಟರ್ ಅಕ್ಷರವನ್ನು ಕಾಣುವುದು ಸಂಖ್ಯೆಯಾಗಿ. ನುಡಿಯ ಹಳೆಯ ಕ್ರಮದಲ್ಲಿ ‘ಕ’ ಎಂದರೆ 80 ಮತ್ತು 192 ಎಂಬ ಎರಡು ಸಂಖ್ಯೆಗಳು. ಇವು ನಿಜಕ್ಕೂ ಇಂಗ್ಲಿಷಿನ ‘ಪಿ’ ಮತ್ತು ತಲೆಯ ಮೇಲೆ ಗೀಟಿರುವ ಒಂದು ‘ಎ’ ಕುಳಿತಿರುವ ಜಾಗಗಳು. ನುಡಿಯ ಅಕ್ಷರಶೈಲಿ ಆ ಜಾಗಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿ ಕಣ್ಣಿಗೆ ‘ಕ’ ತೋರಿಸುತ್ತದೆ. ಆ ಶೈಲಿಯಿಲ್ಲದ ಯಂತ್ರದಲ್ಲಿ ಕಡತ ತೆರೆದರೆ ವೇಷ ಕಳಚಿ, ಓದಲಾಗದ ಗೀಟುಬೊಟ್ಟುಗಳ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯೂನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ ‘ಕ’ ಎಂದರೆ 3221. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಫೋನ್ ಇರಲಿ, ಈ ಸಂಖ್ಯೆ ‘ಕ’ ಬಿಟ್ಟು ಬೇರೊಂದಲ್ಲ.

ಆದ್ದರಿಂದ ವ್ಯವಸ್ಥೆ ಬದಲಿಸುವ ಮೊದಲು, ಹಳೆಯ ವಿಂಡೋಸ್ ಇನ್ನೂ ನಡೆಯುತ್ತಿರುವಾಗಲೇ, ಪರಿವರ್ತಕ ತಂತ್ರಾಂಶದಿಂದ ಇಂತಹ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸಿಕೊಳ್ಳಿ. ಒಂದೆರಡು ಪುಟ ಓದಿಯೂ ನೋಡಿ. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ನುಸುಳುವುದುಂಟು. ಮೂಲ ಕಡತವನ್ನು ಅಳಿಸಬೇಡಿ. ಮುಂದೆ ಟೈಪ್ ಮಾಡುವುದು ಹೇಗೆಂಬ ಚಿಂತೆಯೂ ಬೇಡ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಿಂದ ನಮ್ಮ ಬೆರಳಿಗೆ ಅಂಟಿದ ಕಗಪ ಕೀಲಿಮಣೆ ವಿನ್ಯಾಸವನ್ನು ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲೇ ಆರಿಸಿಕೊಳ್ಳಬಹುದು.

ದೊಡ್ಡ ಸಂಸ್ಥೆಗಳು ಬದಲಾದ ಕತೆಗಳೂ ಇವೆ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸ್‌ಗೆ ಹೋಗಲು ತೀರ್ಮಾನಿಸಿ, 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರುಗಳನ್ನು ಬದಲಿಸಿತು. 2017ರಲ್ಲಿ ನಗರಸಭೆ ವಿಂಡೋಸ್‌ಗೆ ಮರಳಲು ಮತ ಹಾಕಿತು. ಹೊರಗಿನ ಕಚೇರಿಗಳೊಂದಿಗೆ ಕಡತ ವಿನಿಮಯದ ತೊಡಕು ದೂರುಗಳಲ್ಲೊಂದು. ನಮ್ಮ ಪಕ್ಕದ ಕೇರಳ ಮಾತ್ರ ಹಿಂದೆ ಸರಿಯಲಿಲ್ಲ. 2001ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆ ಸರ್ಕಾರಿ ಶಾಲೆಗಳನ್ನು ಲಿನಕ್ಸ್‌ಗೆ ಒಯ್ದಿತು. ಪಠ್ಯಪುಸ್ತಕ, ಶಿಕ್ಷಕರ ತರಬೇತಿ, ಪರೀಕ್ಷೆ ಎಲ್ಲವೂ ಅದರ ಸುತ್ತಲೇ ಬೆಳೆದವು. ಯಂತ್ರದ ಜೊತೆಗೆ ಮೇಷ್ಟರನ್ನೂ ಸಿದ್ಧಗೊಳಿಸಿದ್ದೇ ವ್ಯತ್ಯಾಸ ಎಂದು ನನ್ನ ಅನಿಸಿಕೆ.

ಮನೆಯಲ್ಲಿ ಇಷ್ಟೆಲ್ಲ ಬೇಕಿಲ್ಲ. 8 ಜಿಬಿಯ ಒಂದು ಪೆನ್ ಡ್ರೈವ್ ಸಾಕು. ಲಿನಕ್ಸ್ ಮಿಂಟನ್ನು ಇಳಿಸಿಕೊಂಡು ಅದರಲ್ಲಿ ತುಂಬಿಸಿ, ಕಂಪ್ಯೂಟರನ್ನು ಆ ಡ್ರೈವಿನಿಂದಲೇ ಆರಂಭಿಸಿದರೆ ಹಾರ್ಡ್ ಡಿಸ್ಕನ್ನು ಮುಟ್ಟದೆಯೇ ಹೊಸ ವ್ಯವಸ್ಥೆ ನಡೆಯುತ್ತದೆ. ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರ್ ಕೆಲಸ ಮಾಡುತ್ತವೆಯೇ ನೋಡಿಕೊಳ್ಳಿ. ಮಿಂಟ್ ಕೇಳುವುದು ಕನಿಷ್ಠ 2 ಜಿಬಿ ರ್‍ಯಾಮ್. 4 ಇದ್ದರೆ ಆರಾಮ. ವಿದ್ಯಾರ್ಥಿಗಳಿಗೆ ಸ್ಟೆಲ್ಲೇರಿಯಂನಲ್ಲಿ ರಾತ್ರಿಯ ಆಕಾಶ, ಕ್ಯಾಲ್ಜಿಯಂನಲ್ಲಿ ಆವರ್ತ ಕೋಷ್ಟಕ, ಚಿಕ್ಕವರಿಗೆ ಜಿಕಾಂಪ್ರಿ ಆಟಗಳು, ಎಲ್ಲವೂ ಪುಕ್ಕಟೆ. ಹಾಗೆಂದು ಎಲ್ಲರೂ ಬದಲಿಸಿ ಎನ್ನಲಾರೆ. ತಂದೆ ಮನೆಯಲ್ಲಿ ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಾದರೆ, ಮಗಳು ಎಂಜಿನಿಯರಿಂಗ್‌ನಲ್ಲಿ ಆಟೋಕ್ಯಾಡ್ ಕಲಿಯುತ್ತಿದ್ದರೆ ವಿಂಡೋಸ್ ಬೇಕೇ ಬೇಕು.

ಅಂಥವರು ಒಂದೇ ಡಿಸ್ಕಿನಲ್ಲಿ ಎರಡನ್ನೂ ಇಟ್ಟುಕೊಳ್ಳಬಹುದು. ಯಾವುದು ಬೇಕೆಂದು ಯಂತ್ರ ಆರಂಭದಲ್ಲೇ ಕೇಳುತ್ತದೆ. ಡಿಸ್ಕನ್ನು ಭಾಗ ಮಾಡುವ ಮೊದಲು ಅದು ಬಿಟ್‌ಲಾಕರ್‌ನಿಂದ ಗೂಢಲಿಪೀಕರಣಗೊಂಡಿದೆಯೇ ನೋಡಿ. ಹಾಗಿದ್ದರೆ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಕಡತಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಟ್ಟ ಮೇಲೆಯೇ ಮುಂದುವರಿಯಿರಿ. ಉಳಿಸಿಕೊಂಡ ಹಳೆಯ ವಿಂಡೋಸ್ 10ರಲ್ಲಿ ಟ್ಯಾಲಿ ನಡೆಯಲಿ, ಬ್ಯಾಂಕಿನ ವ್ಯವಹಾರ ಮಾತ್ರ ಲಿನಕ್ಸ್ ಕಡೆಗಿರಲಿ.